ಜಲಗರ್ಭದಲ್ಲೊಂದು ಕಾಯಕ

ಶ್ರಾವಣ ಮಾಸವೆಂದರೆ ಕೃಷ್ಣಾತೀರದ ಭಕ್ತರಿಗೆ ಎರಡು ಬಗೆಯ ಕಾಲ. ಮಠಮಾನ್ಯಗಳಲ್ಲಿ ಪುರಾಣ ಪ್ರವಚನಗಳು ನಡೆಯುವ ಪುಣ್ಯಕಾಲ ಅದು. ನದಿಯು ದಂಡೆ ಮೀರಿ ಕಬ್ಬಿನ ಹೊಲಗಳಿಗೆ ನುಗ್ಗುವ ಆತಂಕದ ಕಾಲವೂ ಅದೇ. ಮಹಾರಾಷ್ಟ್ರದ ಘಟ್ಟಗಳಲ್ಲಿ ನಾಲ್ಕು ದಿನ ಮಳೆ ಹಿಡಿದರೆ ಸಾಕು, ಕಲ್ಲೋಳ–ಯಡೂರ, ಕಾರದಗಾ–ಭೋಜ, ಅಕ್ಕೋಳ–ಸಿದ್ನಾಳ ಸೇತುವೆಗಳು ನೀರಿನಡಿ ಮರೆಯಾಗುತ್ತವೆ. ಕೃಷ್ಣೆ, ದೂಧಗಂಗೆ, ವೇದಗಂಗೆಯರು ಒಂದಾಗಿ ಹರಿಯುವುದನ್ನು ದಂಡೆಯ ಮೇಲೆ ನಿಂತು ನೋಡುವುದೇ ಅಂದಿನ ಕೆಲಸವಾಗುತ್ತದೆ. 2005 ಮತ್ತು 2019ರ ಮಹಾಪೂರಗಳನ್ನು ಕಂಡವರಿಗೆ ನೀರೆಂದರೇನೆಂಬುದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಂತಹ ಒಂದು ಶ್ರಾವಣದ ಸಂಜೆ ಪ್ರವಚನ ಮುಗಿಸಿ ನಾವು ಮಠದ ಪಡಸಾಲೆಯಲ್ಲಿ ಕುಳಿತಿದ್ದಾಗ ರಾಯಬಾಗ ತಾಲೂಕಿನ ನದಿದಂಡೆಯ ಹಳ್ಳಿಯ ತಾಯಿಯೊಬ್ಬರು ಬಂದು ನಮಸ್ಕರಿಸಿದರು. ಅವರ ಮಗ ನೌಕಾಪಡೆಯಲ್ಲಿ ನಾವಿಕ. ಕೆಲವು ವರ್ಷ ಹಡಗಿನಲ್ಲಿ ಸೇವೆ ಸಲ್ಲಿಸಿದ ಮೇಲೆ ಈಗ ಜಲಾಂತರ್ಗಾಮಿ ನೌಕೆಯ ಸೇವೆಗೆ ತಾನಾಗಿಯೇ ಹೆಸರು ಕೊಟ್ಟಿದ್ದಾನೆಂದು ಫೋನಿನಲ್ಲಿ ತಿಳಿಸಿದ್ದನಂತೆ. ಆ ತಾಯಿ ಅಳಲಿಲ್ಲ. ಮಗನನ್ನು ಬೈಯಲೂ ಇಲ್ಲ. ಕೇಳಿದ್ದು ಎರಡೇ ಮಾತು. “ಅಪ್ಪಾರ, ಅಲ್ಲಿ ಜಳಕಕ್ಕ ನೀರು ಇರೂದಿಲ್ಲಂತ, ದೀಪ ಹಚ್ಚಾಕ ಬರೂದಿಲ್ಲಂತ. ಅವ ಲಿಂಗಪೂಜಿ ಹೆಂಗ ಮಾಡ್ಬೇಕು?” ಎಂಬುದು ಮೊದಲನೆಯದು. ಎರಡನೆಯದನ್ನು ಕೇಳುವ ಮುನ್ನ ಬಹಳ ಹೊತ್ತು ಸುಮ್ಮನಿದ್ದು, “ನೀರಾಗ ಹ್ವಾದವರಿಗೆ ಸಮಾಧಿ ಎಲ್ಲಿ ಮಾಡ್ತಾರ್ರೀ?” ಎಂದರು.

ಅರವತ್ತು ದಾಟಿದ ಈ ವಯಸ್ಸಿನವರೆಗೆ ಪೂಜಾವಿಧಿ, ಸಂಸ್ಕಾರವಿಧಿಗಳ ಕುರಿತು ನಮ್ಮನ್ನು ಕೇಳಿದವರು ಅನೇಕರು. ಈ ಎರಡು ಪ್ರಶ್ನೆಗಳನ್ನು ಮಾತ್ರ ಯಾರೂ ಕೇಳಿರಲಿಲ್ಲ. ಆ ಸಂಜೆ ನಾವು ಹೇಳಿದ ಉತ್ತರ ನಮಗೇ ಸಮಾಧಾನ ತರಲಿಲ್ಲ. ಆದ್ದರಿಂದ ಈ ತಿಂಗಳ ಅಂಕಣವನ್ನು ಆ ತಾಯಿಯ ಪ್ರಶ್ನೆಗಳಿಗೇ ಮೀಸಲಿಟ್ಟಿದ್ದೇವೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳಿಗೆ ಸೈನ್ಯದ ನಂಟು ಹೊಸದಲ್ಲ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದೆ, ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆಯಿದೆ. ಆದುದರಿಂದ ಭೂಸೇನೆ, ವಾಯುಪಡೆಗಳ ಸಮವಸ್ತ್ರ ನಮ್ಮ ಜನರ ಕಣ್ಣಿಗೆ ಪರಿಚಿತ. ಸಮುದ್ರ ಹಾಗಲ್ಲ. ಅದು ಸಹ್ಯಾದ್ರಿಯ ಆಚೆ ಇದೆ. ನಮ್ಮ ಕೃಷ್ಣೆಯೋ ಆ ಹತ್ತಿರದ ಸಮುದ್ರಕ್ಕೆ ಬೆನ್ನು ತಿರುವಿ, ಮಹಾಬಳೇಶ್ವರದಲ್ಲಿ ಹುಟ್ಟಿ ಸುಮಾರು 1,400 ಕಿಲೋಮೀಟರ್ ಪೂರ್ವಕ್ಕೆ ನಡೆದು ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ಗಡಿ ಕಾಯುವ ಯೋಧನೆಂದರೆ ಹಿಮದಲ್ಲಿ ಬಂದೂಕು ಹಿಡಿದು ನಿಂತವನ ಚಿತ್ರವೇ ನಮ್ಮ ಮನಸ್ಸಿಗೆ ಬರುವುದು ಸಹಜ. ನೀರಿನ ಕೆಳಗೆ, ಕಿಟಕಿಯೇ ಇಲ್ಲದ ಉಕ್ಕಿನ ಕೊಳವೆಯಲ್ಲಿ ಕುಳಿತು ದೇಶ ಕಾಯುವವನ ಚಿತ್ರವು ನಮ್ಮ ಊರಿನ ಗೋಡೆಗಳ ಮೇಲೂ ಇಲ್ಲ, ಶಾಲೆಯ ಪುಸ್ತಕಗಳಲ್ಲೂ ಅಪರೂಪ.

ನಮಗೂ ಇರಲಿಲ್ಲ. ಹಲವು ವರ್ಷಗಳ ಹಿಂದೆ ಶ್ರೀಶೈಲದ ಯಾತ್ರೆ ಮುಗಿಸಿ ಭಕ್ತರೊಂದಿಗೆ ವಿಶಾಖಪಟ್ಟಣಕ್ಕೆ ಹೋದಾಗ, ಅಲ್ಲಿಯ ರಾಮಕೃಷ್ಣ ಕಡಲತೀರದಲ್ಲಿ ಮರಳಿನ ಮೇಲೆ ನಿಲ್ಲಿಸಿರುವ ‘ಕುರ್ಸುರಾ’ ಎಂಬ ಜಲಾಂತರ್ಗಾಮಿಯ ಒಳಗೆ ಹೋಗಿಬಂದದ್ದೇ ನಮಗಿರುವ ಪ್ರತ್ಯಕ್ಷ ಅನುಭವ. 1969ರ ಡಿಸೆಂಬರಿನಲ್ಲಿ ನೌಕಾಪಡೆಗೆ ಸೇರಿದ ಈ ನೌಕೆ 1971ರ ಯುದ್ಧಕಾಲದಲ್ಲಿ ಅರಬ್ಬೀ ಸಮುದ್ರದಲ್ಲಿ ಕಾವಲು ನಡೆಸಿತ್ತು. 31 ವರ್ಷಗಳ ಸೇವೆಯ ನಂತರ 2001ರ ಫೆಬ್ರುವರಿಯಲ್ಲಿ ನಿವೃತ್ತಿ ಹೊಂದಿತು, 2002ರಲ್ಲಿ ವಸ್ತುಸಂಗ್ರಹಾಲಯವಾಯಿತು. ಉದ್ದ ಸುಮಾರು 91 ಮೀಟರು. ಹೊರಗಿನಿಂದ ನೋಡಿದಾಗ ಎಷ್ಟು ದೊಡ್ಡದೆನಿಸಿತೋ, ಒಳಗೆ ಕಾಲಿಟ್ಟೊಡನೆ ಅಷ್ಟೇ ಚಿಕ್ಕದೆನಿಸಿತು. ಎಲ್ಲೆಡೆ ಕೊಳವೆ, ತಂತಿ, ಚಕ್ರ, ಗಡಿಯಾರದಂತಹ ಮಾಪಕಗಳು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ದುಂಡನೆಯ ಬಾಗಿಲಿನಲ್ಲಿ ಮೊದಲು ಒಂದು ಕಾಲು, ಆಮೇಲೆ ತಲೆ, ಕೊನೆಗೆ ಇನ್ನೊಂದು ಕಾಲು. ನಮ್ಮ ಪಂಚೆ ರುಮಾಲುಗಳ ಅವಸ್ಥೆಯನ್ನು ಇಲ್ಲಿ ವರ್ಣಿಸುವುದು ಬೇಡ. ಮಲಗುವ ಹಲಗೆಗಳು ನಮ್ಮ ಮಠದ ಪುಸ್ತಕದ ಕಪಾಟಿನ ಹಲಗೆಗಳಷ್ಟೇ ಅಗಲ. ಸುಮಾರು 75 ಮಂದಿ ಅಲ್ಲಿ ವಾರಗಟ್ಟಲೆ ಇರುತ್ತಿದ್ದರೆಂದು, ಸ್ವತಃ ನೌಕಾಪಡೆಯಲ್ಲಿದ್ದು ನಿವೃತ್ತರಾದ ಮಾರ್ಗದರ್ಶಿಯವರು ತಿಳಿಸಿದರು.

ನಮ್ಮ ಮನಸ್ಸಿನಲ್ಲಿ ನಿಂತದ್ದು ಆ ಬಾಗಿಲು. ಪ್ರತಿ ಕೋಣೆಗೂ ಅಂತಹ ಬಾಗಿಲೊಂದಿದೆ. ಒಂದು ಕೋಣೆಯಲ್ಲಿ ಬೆಂಕಿ ಎದ್ದರೆ ಅಥವಾ ನೀರು ನುಗ್ಗಿದರೆ ಕೂಡಲೇ ಅದನ್ನು ಮುಚ್ಚಿಬಿಡಬೇಕು. ಒಳಗಿರುವವರು ಒಳಗೇ ಇದ್ದು ಬೆಂಕಿಯೊಡನೆ, ನೀರಿನೊಡನೆ ಹೋರಾಡಬೇಕು. ಹೊರಗಿರುವವರು, ಒಳಗಿರುವವನು ತಮ್ಮ ಜೊತೆ ಉಂಡವನೇ ಆಗಿದ್ದರೂ, ಅಪ್ಪಣೆಯಾಗುವವರೆಗೆ ಬಾಗಿಲು ತೆರೆಯಬಾರದು. ಒಂದು ಕೋಣೆ ಹೋದರೂ ನೌಕೆ ಉಳಿಯಲೆಂಬ ನಿಯಮವಿದು. ರಣರಂಗದಲ್ಲಿ ಮುನ್ನುಗ್ಗುವ ಧೈರ್ಯವನ್ನು ನಾವು ಹಾಡಿ ಹೊಗಳಿದ್ದೇವೆ. ಮುಚ್ಚಿದ ಬಾಗಿಲಿನ ಹಿಂದೆ ನಿಂತಲ್ಲೇ ನಿಲ್ಲುವ ಧೈರ್ಯಕ್ಕೆ ನಮ್ಮ ಲಾವಣಿಗಳಲ್ಲಿ ಹೆಸರಿಲ್ಲ.

ಈ ನೌಕೆಗಳ ಅಪಾಯವೇನೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ತಿಳಿಯದೆ ಕೊಡುವ ಗೌರವ ಬಾಯುಪಚಾರವಾಗುತ್ತದೆ. ಡೀಸೆಲ್ ಯಂತ್ರಕ್ಕೆ ಗಾಳಿ ಬೇಕು, ನೀರಿನೊಳಗೆ ಗಾಳಿಯಿಲ್ಲ. ಆದ್ದರಿಂದ ಮೇಲ್ಮೈಗೆ ಬಂದೋ, ಇಲ್ಲವೆ ಮೇಲ್ಮೈ ಸಮೀಪದಿಂದ ಉಸಿರುಗೊಳವೆಯೊಂದನ್ನು ಮೇಲೆ ಚಾಚಿಯೋ ಡೀಸೆಲ್ ಯಂತ್ರ ಓಡಿಸಿ ಬ್ಯಾಟರಿಗಳಿಗೆ ವಿದ್ಯುತ್ ತುಂಬಿಕೊಳ್ಳುತ್ತಾರೆ. ಆಳಕ್ಕೆ ಇಳಿದ ಮೇಲೆ ಆ ಬ್ಯಾಟರಿಗಳೇ ಜೀವಾಳ. 1986ರಿಂದ 2000ದ ನಡುವೆ ಸೋವಿಯತ್ ಒಕ್ಕೂಟದಿಂದಲೂ ಆಮೇಲೆ ರಷ್ಯಾದಿಂದಲೂ ನಮ್ಮ ದೇಶಕ್ಕೆ ಬಂದ ಸಿಂಧುಘೋಷ್ ವರ್ಗದ 10 ನೌಕೆಗಳಲ್ಲಿ ಒಂದೊಂದರಲ್ಲಿಯೂ ಇಂತಹ 240 ಬ್ಯಾಟರಿ ಘಟಕಗಳು. ನಮ್ಮ ಟ್ರ್ಯಾಕ್ಟರಿನ ಬ್ಯಾಟರಿಯ ಜಾತಿಯವೇ, ಆದರೆ ಒಂದೊಂದೂ ನೂರಾರು ಕಿಲೋ ತೂಕ. ವಿದ್ಯುತ್ ತುಂಬುವಾಗ ಅವು ಜಲಜನಕವನ್ನು ಬಿಡುತ್ತವೆ. ಗಾಳಿಯಲ್ಲಿ ಅದರ ಪ್ರಮಾಣ ನೂರಕ್ಕೆ ನಾಲ್ಕನ್ನು ಮುಟ್ಟಿತೆಂದರೆ ಒಂದು ಕಿಡಿ ಸಾಕು. ಸಮುದ್ರದ ಉಪ್ಪುನೀರು ಬ್ಯಾಟರಿಗೆ ತಗುಲಿದರೆ ಹುಟ್ಟುವುದು ಕ್ಲೋರಿನ್ ಎಂಬ ವಿಷಾನಿಲ. ಹೊರಗಿನ ಒತ್ತಡವೋ, ಪ್ರತಿ 10 ಮೀಟರ್ ಆಳಕ್ಕೆ ಚದರ ಸೆಂಟಿಮೀಟರಿಗೆ ಒಂದು ಕಿಲೋದಂತೆ ಏರುತ್ತ ಹೋಗುತ್ತದೆ. 300 ಮೀಟರಿನಲ್ಲಿ ಉಗುರಿನಷ್ಟು ಜಾಗದ ಮೇಲೆ 30 ಕಿಲೋ ಭಾರ. ಇಂತಹ ಕಡೆ ಬಾಣಸಿಗನೂ ಎಲ್ಲ ಕೋಣೆಗಳ ಕೀಲು, ಕವಾಟಗಳನ್ನು ಕತ್ತಲೆಯಲ್ಲಿ ಕೈಮುಟ್ಟಿ ಗುರುತಿಸುವಷ್ಟು ಕಲಿತಿರಬೇಕು. ಕಲಿತು ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆಯೇ ಎದೆಯ ಮೇಲೆ ಡಾಲ್ಫಿನ್ ಮೀನಿನ ಲಾಂಛನ. ಅಧಿಕಾರಿಯ ತಪ್ಪಾಗಲಿ ಅಡುಗೆಯವನ ತಪ್ಪಾಗಲಿ ಅಲ್ಲಿ ಫಲ ಒಂದೇ. ಹನ್ನೆರಡನೆಯ ಶತಮಾನದ ಶರಣರು ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದ್ದನ್ನು ನಾವು ಪ್ರವಚನಗಳಲ್ಲಿ ಎಷ್ಟು ಬಾರಿ ಹೇಳಿದ್ದೇವೆಯೋ ಲೆಕ್ಕವಿಲ್ಲ. ಅದು ಅಕ್ಷರಶಃ ಪ್ರಾಣದ ಪ್ರಶ್ನೆಯಾಗಿರುವ ಸ್ಥಳವೊಂದನ್ನು ಕಂಡದ್ದು ಆ ಕಡಲತೀರದಲ್ಲಿ.

ಭಾರತದ ಮೊದಲ ಜಲಾಂತರ್ಗಾಮಿ ‘ಕಲ್ವರಿ’ 1967ರ ಡಿಸೆಂಬರ್ 8ರಂದು ರೀಗಾ ನಗರದಲ್ಲಿ ಸೇವೆಗೆ ಸೇರಿತು. ನೌಕಾಪಡೆಯು ಆ ದಿನವನ್ನೇ ಪ್ರತಿವರ್ಷ ಜಲಾಂತರ್ಗಾಮಿ ದಿನವಾಗಿ ಆಚರಿಸುತ್ತದೆ. ಅಂದಿನಿಂದ ಬಹುಕಾಲ ಈ ಪಡೆಯ ಹೆಸರು ಪತ್ರಿಕೆಗಳಲ್ಲಿ ಬಂದದ್ದೇ ಕಡಿಮೆ. ಬಂದಾಗ ದುಃಖದ ಸುದ್ದಿಯಾಗಿ ಬಂತು.

2013ರ ಆಗಸ್ಟ್ 14. ಸ್ವಾತಂತ್ರ್ಯ ದಿನಕ್ಕೆ ಇನ್ನೊಂದೇ ದಿನ. ಮಧ್ಯರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಮುಂಬಯಿಯ ನೌಕಾನೆಲೆಯಲ್ಲಿ ನಿಂತಿದ್ದ ‘ಸಿಂಧುರಕ್ಷಕ’ ನೌಕೆ ಸ್ಫೋಟಗೊಂಡು ಅಲ್ಲಿಯೇ ಮುಳುಗಿತು. ಒಳಗಿದ್ದ 18 ಮಂದಿ, 3 ಅಧಿಕಾರಿಗಳು ಮತ್ತು 15 ನಾವಿಕರು, ಹೊರಬರಲಿಲ್ಲ. ಇದೇ ನೌಕೆಯಲ್ಲಿ 2006ರ ಫೆಬ್ರುವರಿ 13ರಂದು ರಾಷ್ಟ್ರಪತಿ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ವಿಶಾಖಪಟ್ಟಣದ ಬಳಿ ಸಮುದ್ರದಾಳಕ್ಕೆ ಇಳಿದು ಬಂದಿದ್ದರು. 2010ರಲ್ಲಿ ಇದೇ ನೌಕೆಯ ಬ್ಯಾಟರಿ ಕೋಣೆಯಲ್ಲಿ ಅವಘಡವಾಗಿ ನಾವಿಕನೊಬ್ಬ ತೀರಿಕೊಂಡಿದ್ದ. ಅದೆಲ್ಲವನ್ನೂ ಬಲ್ಲವರೇ ಆ ರಾತ್ರಿ ಅದರೊಳಗೆ ಕರ್ತವ್ಯದಲ್ಲಿದ್ದರು. ನೌಕಾಪಡೆಯ ಮುಳುಗುಗಾರರು ಕೆಸರುನೀರಿನ ಕತ್ತಲೆಯಲ್ಲಿ, ತಿರುಚಿಹೋದ ಉಕ್ಕಿನ ನಡುವೆ ಕೈಯಿಂದ ತಡವಿ ತಡವಿ ಹುಡುಕಬೇಕಾಯಿತು. ಸಿಕ್ಕ ದೇಹಗಳ ಗುರುತು ಹತ್ತದೆ ಡಿ.ಎನ್.ಎ. ಪರೀಕ್ಷೆ ಮಾಡಿಸಬೇಕಾಯಿತು. ನೌಕೆಯನ್ನು ನೀರಿನಿಂದ ಮೇಲೆತ್ತಲು 2014ರ ಜೂನ್‌ವರೆಗೆ ಕಾಯಬೇಕಾಯಿತು.

ಆ ಗಾಯ ಮಾಯುವ ಮುನ್ನವೇ, 2014ರ ಫೆಬ್ರುವರಿ 26ರಂದು, ಮುಂಬಯಿಯಿಂದಾಚೆ ಸಮುದ್ರದಲ್ಲಿ ಪರೀಕ್ಷಾ ಸಂಚಾರದಲ್ಲಿದ್ದ ‘ಸಿಂಧುರತ್ನ’ದ ಮೂರನೆಯ ಕೋಣೆಯಲ್ಲಿ ಹೊಗೆ ಕಾಣಿಸಿತು. ತಪಾಸಣೆಗೆ ಬಂದವರೂ ಸೇರಿ ಆ ದಿನ ನೌಕೆಯಲ್ಲಿ 94 ಮಂದಿ ಇದ್ದರು. ಲೆಫ್ಟಿನೆಂಟ್ ಕಮಾಂಡರ್ ಕಪೀಶ್ ಸಿಂಗ್ ಮುವಾಲ್ ಮತ್ತು ಲೆಫ್ಟಿನೆಂಟ್ ಮನೋರಂಜನ್ ಕುಮಾರ್ ಎಂಬ ಇಬ್ಬರು ಯುವ ಅಧಿಕಾರಿಗಳು ಆ ಕೋಣೆಯಲ್ಲಿ ಬೆಂಕಿಯನ್ನು ಎದುರಿಸಿದರು. ಬಾಗಿಲು ಮುಚ್ಚಿತು. ಅಸ್ವಸ್ಥರಾದ 7 ಮಂದಿ ನಾವಿಕರನ್ನು ಹೆಲಿಕಾಪ್ಟರಿನಲ್ಲಿ ಮುಂಬಯಿಯ ನೌಕಾ ಆಸ್ಪತ್ರೆಗೆ ಸಾಗಿಸಿದರು, ನೌಕೆ ಉಳಿಯಿತು, ಆ ಇಬ್ಬರು ಉಳಿಯಲಿಲ್ಲ. ರಾಷ್ಟ್ರವು ಅವರಿಬ್ಬರಿಗೂ ಮರಣೋತ್ತರವಾಗಿ ಶೌರ್ಯಚಕ್ರವನ್ನಿತ್ತಿತು. ಅದೇ ದಿನ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಡಿ.ಕೆ. ಜೋಶಿಯವರು ನೈತಿಕ ಹೊಣೆ ಹೊತ್ತು ಪದವಿಯನ್ನು ತ್ಯಜಿಸಿದರು. ಗ್ರಾಮ ಪಂಚಾಯಿತಿಯ ಕುರ್ಚಿಯನ್ನೂ ಬಿಡಲೊಲ್ಲದ ಜನರ ನಡುವೆ ಬಾಳುತ್ತಿರುವ ನಮಗೆ ಅಂದಿನ ಪತ್ರಿಕೆಯನ್ನು ಎರಡು ಬಾರಿ ಓದಬೇಕೆನಿಸಿತು.

ಮುವಾಲ್ ಮತ್ತು ಮನೋರಂಜನ್ ಕುಮಾರ್ ನಮ್ಮ ಜಿಲ್ಲೆಯವರಲ್ಲ, ನಮ್ಮ ಭಾಷೆಯವರೂ ಅಲ್ಲ. ಅವರಿಗೂ ನಮಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಅದೇ ನೌಕೆಗಳಲ್ಲಿ, ಅದೇ ಹಲಗೆಗಳ ಮೇಲೆ ಪಾಳಿಯ ಪ್ರಕಾರ ಮಲಗುವವರಲ್ಲಿ ನಾಳೆ ರಾಯಬಾಗದ ಹುಡುಗನೂ ಒಬ್ಬನಿರುತ್ತಾನೆ. ಬಾಗಿಲು ಮುಚ್ಚುವಾಗ ಒಳಗಿರುವವನ ಊರು ಯಾವುದೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಈಗ ಆ ತಾಯಿಯ ಮೊದಲ ಪ್ರಶ್ನೆಗೆ ಬರೋಣ. ನೌಕೆಯೊಳಗೆ ಕುಡಿಯುವ ನೀರಿಗೆ ಅಳತೆಯುಂಟು. ಸ್ನಾನವೆಂಬುದು ದಿನದ ಮಾತಲ್ಲ. ಹಗಲುರಾತ್ರಿಗಳ ಭೇದವಿಲ್ಲ, ಗಡಿಯಾರವೇ ಸೂರ್ಯ. ದೀಪ, ಧೂಪ, ಕರ್ಪೂರ ಯಾವುದಕ್ಕೂ ಆಸ್ಪದವಿಲ್ಲ. ಉಸಿರಾಡುವ ಗಾಳಿಯನ್ನು ಬೆಂಕಿಗೆ ಹಂಚುವಂತಿಲ್ಲ, ಕಿಡಿಯನ್ನಂತೂ ತೋರಿಸುವಂತೆಯೇ ಇಲ್ಲ. ಇಷ್ಟಾದರೂ ಲಿಂಗವಂತನ ಪೂಜೆಗೆ ಅಲ್ಲಿ ಅಡ್ಡಿಯಿಲ್ಲವೆಂದೇ ನಮ್ಮ ನಿಶ್ಚಯ. ಬಸವಾದಿ ಶರಣರು ದೇವರನ್ನು ಗುಡಿಯಿಂದ ಬಿಡಿಸಿ ಅಂಗೈಗೆ ತಂದುಕೊಟ್ಟದ್ದೇ ಇಂತಹವರಿಗಾಗಿ. ಗುಡಿಗೆ ಹೋಗಲಾರದವನು, ಹೊಲದ ಬದುವಿನಲ್ಲಿರುವವನು, ದೋಣಿಯ ಹುಟ್ಟು ಹಿಡಿದವನು ಇವರೆಲ್ಲರ ಎದೆಯ ಮೇಲೆ ಲಿಂಗವಿತ್ತು. ಅಂಬಿಗರ ಚೌಡಯ್ಯನವರು ನದಿಯ ಮೇಲೆ ದೋಣಿ ನಡೆಸುತ್ತಲೇ ಶರಣರಾದವರು. ಅವರ ಕಾಯಕ ನೀರಿನ ಮೇಲಿತ್ತು, ಈ ಹುಡುಗನದು ನೀರಿನ ಕೆಳಗೆ. ನೀರಿಲ್ಲದಿದ್ದರೆ ಹಣೆಗೆ ವಿಭೂತಿ ಸಾಕು; ವಿಭೂತಿ ಧರಿಸಲು ವ್ಯವಧಾನವಿಲ್ಲದಿದ್ದರೆ ಅಂಗೈಯಲ್ಲಿ ಲಿಂಗವನ್ನಿರಿಸಿ ದೃಷ್ಟಿ ನಿಲ್ಲಿಸಿದರೆ ಸಾಕು; ಅದಕ್ಕೂ ಪಾಳಿ ಬಿಡದಿದ್ದರೆ ಎದೆಯ ಮೇಲೆ ಲಿಂಗವಿದೆಯೆಂಬ ಅರಿವೇ ಪೂಜೆ. ಆಚಾರನಿಷ್ಠರಾದ ಕೆಲವರು ಇದನ್ನು ಒಪ್ಪದಿರಬಹುದು. ಒಪ್ಪದವರು ಒಮ್ಮೆ ಆ ದುಂಡು ಬಾಗಿಲಿನಲ್ಲಿ ನುಸುಳಿ ಬರಲಿ, ಆಮೇಲೆ ಚರ್ಚಿಸೋಣ.

ಎರಡನೆಯ ಪ್ರಶ್ನೆ ಕಠಿಣ. ಲಿಂಗವಂತರಲ್ಲಿ ಅಂತ್ಯಸಂಸ್ಕಾರವೆಂದರೆ ದೇಹವನ್ನು ಮಣ್ಣಿಗೊಪ್ಪಿಸುವುದು. ಕುಳಿತ ಭಂಗಿಯಲ್ಲಿ, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ವಿಭೂತಿ ಬಿಲ್ವಪತ್ರೆಗಳಿಂದ ಮುಚ್ಚಿ ಕ್ರಿಯಾಸಮಾಧಿ ಮಾಡುತ್ತೇವೆ. ಹೊಲದ ಮೂಲೆಯಲ್ಲಿ ಅಜ್ಜ ಮುತ್ತಜ್ಜಂದಿರ ಗದ್ದುಗೆಗಳಿರುತ್ತವೆ. ಹಬ್ಬಕ್ಕೆ ಎಡೆ ಹಿಡಿಯಲು ಅಲ್ಲಿಗೇ ಹೋಗುತ್ತೇವೆ. ಅಂತಹ ಮನೆತನದ ಮಗನೊಬ್ಬ ಸಮುದ್ರದಾಳದಲ್ಲಿ ಉಳಿದುಬಿಟ್ಟರೆ? ಇದು ಕಲ್ಪನೆಯ ಭಯವಲ್ಲ. 1971ರ ಡಿಸೆಂಬರ್ 9ರ ರಾತ್ರಿ ದೀವ್ ಕರಾವಳಿಯಾಚೆ ನಮ್ಮ ‘ಖುಕ್ರಿ’ ಯುದ್ಧನೌಕೆಯನ್ನು ಮುಳುಗಿಸಿದ್ದು ಪಾಕಿಸ್ತಾನದ ಜಲಾಂತರ್ಗಾಮಿಯೊಂದು. ನೌಕೆ ಮುಳುಗುತ್ತಿರುವಾಗ ತಮ್ಮವರನ್ನು ಹೊರಗೆ ಕಳಿಸಿ ತಾವು ನೌಕೆಯೊಡನೆ ಉಳಿದ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರೂ ಸೇರಿ 18 ಅಧಿಕಾರಿಗಳು, 176 ನಾವಿಕರು ಆ ನೀರಿನಲ್ಲೇ ಇದ್ದಾರೆ. ದೀವ್‌ನ ದಿಬ್ಬದ ಮೇಲೆ ಸಮುದ್ರಕ್ಕೆ ಮುಖ ಮಾಡಿ ನಿಲ್ಲಿಸಿರುವ ಸ್ಮಾರಕವೇ ಅವರ ಗದ್ದುಗೆ. ಅದು ಆದದ್ದು 1999ರಲ್ಲಿ, 28 ವರ್ಷಗಳ ನಂತರ. ಅದಕ್ಕಿಂತ ಐದು ದಿನ ಮೊದಲು ವಿಶಾಖಪಟ್ಟಣದ ಬಳಿ ಪಾಕಿಸ್ತಾನದ ‘ಘಾಜಿ’ ಜಲಾಂತರ್ಗಾಮಿಯೂ ತನ್ನ ಎಲ್ಲ ನಾವಿಕರೊಂದಿಗೆ ಮುಳುಗಿತ್ತು. ಅವರೂ ತಾಯಂದಿರ ಮಕ್ಕಳೇ.

2000ದ ಆಗಸ್ಟ್ 12ರಂದು ರಷ್ಯಾದ ‘ಕುರ್ಸ್ಕ್’ ನೌಕೆ ಬ್ಯಾರೆಂಟ್ಸ್ ಸಮುದ್ರದಲ್ಲಿ 118 ಮಂದಿಯೊಂದಿಗೆ ಮುಳುಗಿದಾಗ, 23 ಮಂದಿ ಹಿಂಬದಿಯ ಕೋಣೆಯಲ್ಲಿ ಕೆಲವು ಗಂಟೆಗಳ ಕಾಲ ಬದುಕಿದ್ದರು. ಅವರಲ್ಲಿ ಕೊಲೆಸ್ನಿಕೊವ್ ಎಂಬ ಅಧಿಕಾರಿ ಕತ್ತಲೆಯಲ್ಲಿ, ಕಣ್ಣಿಗೇನೂ ಕಾಣದೆ, ಬದುಕಿರುವವರ ಹೆಸರುಗಳನ್ನು ಕಾಗದದ ಮೇಲೆ ಬರೆದಿಟ್ಟ. ಹೆಂಡತಿಗೂ ನಾಲ್ಕು ಮಾತು ಬರೆದ. ಆ ಕಾಗದ ಅವನ ದೇಹದೊಂದಿಗೆ ಸಿಕ್ಕಿತು. ಸಾವಿನ ಬಾಗಿಲಲ್ಲಿ ಕುಳಿತವನು ಪಟ್ಟಿ ಬರೆಯುತ್ತಾನೆಂದರೆ, ಮನೆಯವರಿಗೆ ತಿಳಿಯಲಿ, ಯಾರೂ ಹೆಸರಿಲ್ಲದೆ ಹೋಗದಿರಲಿ ಎಂಬ ಕಾಳಜಿಯಲ್ಲವೇ? ಸಮಾಧಿಯ ಮೂಲಭಾವವೂ ಅದೇ ಎಂದು ನಮಗೆ ತೋರುತ್ತದೆ.

ನಮ್ಮ ಪರಂಪರೆಯಲ್ಲಿ ದೇಹದ ಸಮಾಧಿಯಿಲ್ಲದ ಐಕ್ಯ ಹೊಸದಲ್ಲ. ಅಕ್ಕಮಹಾದೇವಿ ಶ್ರೀಶೈಲದ ಕದಳಿಯಲ್ಲಿ ಬಯಲಾದಳೆನ್ನುತ್ತೇವೆ. ಅಲ್ಲಿ ಅಗೆದ ಮಣ್ಣಿಲ್ಲ. ಇನ್ನು ಕೂಡಲಸಂಗಮ. ಅಥಣಿ, ರಾಯಬಾಗಗಳನ್ನು ಮುಟ್ಟಿ ಹರಿಯುವ ಇದೇ ಕೃಷ್ಣೆ ಅಲ್ಲಿ ಮಲಪ್ರಭೆಯನ್ನು ಕೂಡಿಕೊಳ್ಳುತ್ತಾಳೆ. ಬಸವಣ್ಣನವರ ಐಕ್ಯಸ್ಥಳ ಆ ಸಂಗಮದಲ್ಲಿದೆ. ನಾರಾಯಣಪುರ ಜಲಾಶಯದ ಹಿನ್ನೀರು ಏರಿದಾಗ ಅದು ಮುಳುಗಬಾರದೆಂದು ಸುತ್ತಲೂ ಬಾವಿಯಂತೆ ದುಂಡನೆಯ ಎತ್ತರದ ಗೋಡೆ ಕಟ್ಟಿದ್ದಾರೆ. ಭಕ್ತರು ಮೆಟ್ಟಿಲಿಳಿದು ಕೆಳಗೆ ಹೋಗಬೇಕು. ಈ ಪತ್ರಿಕೆಯ ಓದುಗರಲ್ಲಿ ಬಹುಪಾಲು ಮಂದಿ ಇಳಿದಿದ್ದೀರಿ. ಜಲಾಶಯ ತುಂಬಿದ ದಿನಗಳಲ್ಲಿ ಅಲ್ಲಿ ನಿಂತವನ ಸುತ್ತ, ಗೋಡೆಯ ಆಚೆ, ತಲೆಗಿಂತ ಎತ್ತರದಲ್ಲಿ ನೀರು ನಿಂತಿರುತ್ತದೆ. ನಾವು ಎಷ್ಟೋ ಬಾರಿ ಇಳಿದು ಬಂದಿದ್ದರೂ ಅದನ್ನು ನೀರಿನೊಳಗಿನ ಸ್ಥಳವೆಂದು ಎಣಿಸಿರಲಿಲ್ಲ. ಕುರ್ಸುರಾದ ಒಳಗೆ ಹೋಗಿಬಂದ ಮೇಲೆ ಮತ್ತೊಮ್ಮೆ ಕೂಡಲಸಂಗಮಕ್ಕೆ ಹೋದಾಗ, ಆ ತಂಪುಗೋಡೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತೆವು.

ಆ ತಾಯಿಗೆ ಮರುದಿನ ನಾವು ಕೊಟ್ಟ ಉತ್ತರ ಇದು: ದೇಹ ಮರಳಿ ಬಂದರೆ ಮಣ್ಣು, ಬಾರದಿದ್ದರೆ ಕೂಡಲಸಂಗಮದ ನೀರೂ ಆ ಸಮುದ್ರಕ್ಕೇ ಹೋಗಿ ಸೇರುವುದು. ಲಿಂಗ ಅವನೊಡನೆ ಇರುತ್ತದೆ. ಮರಣಸೂತಕವನ್ನೇ ಶರಣರು ಒಪ್ಪಲಿಲ್ಲವಾದ್ದರಿಂದ ಸಂಸ್ಕಾರ ಉಳಿಯಿತೆಂಬ ದೋಷ ಮನೆತನಕ್ಕೆ ತಟ್ಟುವುದಿಲ್ಲ. ಹೆಸರಿನ ಕಲ್ಲೊಂದನ್ನು ಹೊಲದಲ್ಲಿ ನಿಲ್ಲಿಸಬಹುದು. ಇಷ್ಟನ್ನೂ ಹೇಳಿ, ಅದರ ಪ್ರಸಂಗವೇ ಬಾರದಿರಲೆಂದು ಹರಸಿದೆವು. ಹರಕೆಯ ಮಾತಷ್ಟೇ ಅಲ್ಲ ಅದು. ಆ ದುರಂತಗಳ ತರುವಾಯ ವ್ಯವಸ್ಥೆಯೂ ಬದಲಾಗಿದೆ. ಮುಳುಗಿದ ನೌಕೆಯಿಂದ ನಾವಿಕರನ್ನು ಮೇಲೆ ತರುವ ವಿಶೇಷ ರಕ್ಷಣಾ ವಾಹನಗಳನ್ನು 2018ರಿಂದ ನೌಕಾಪಡೆ ಹೊಂದಿದೆ. 2021ರ ಏಪ್ರಿಲಿನಲ್ಲಿ ಇಂಡೋನೇಷ್ಯಾದ ‘ನಂಗಾಲಾ’ ನೌಕೆ 53 ಮಂದಿಯೊಂದಿಗೆ ಕಾಣೆಯಾದಾಗ ವಿಶಾಖಪಟ್ಟಣದಿಂದ ನೆರವಿಗೆ ಹೊರಟದ್ದು ಅಂತಹ ವಾಹನವೇ. ಆ 53 ಮಂದಿಯನ್ನು ಉಳಿಸಲಾಗಲಿಲ್ಲವೆಂಬುದು ಬೇರೆ ಮಾತು. ವಿಶಾಖಪಟ್ಟಣದ ‘ಸಾತವಾಹನ’ ತರಬೇತಿ ಕೇಂದ್ರದಲ್ಲಿ 2024ರಿಂದ ‘ವಿನೇತ್ರ’ವೆಂಬ ನೀರಿನ ಗೋಪುರವಿದೆ. ಮುಳುಗಿದ ನೌಕೆಯಿಂದ ಪಾರಾಗಿ ಮೇಲೇರುವುದನ್ನು ನಾವಿಕರಿಗೆ ಅಲ್ಲಿ ಕಲಿಸುತ್ತಾರೆ. ಕೃಷ್ಣೆಯಲ್ಲಿ ಈಜು ಕಲಿತ ಹುಡುಗನಿಗೆ ಅದು ಕಷ್ಟವಾಗಲಾರದೆಂದು ಹೇಳಿದಾಗ ಆ ತಾಯಿ ಮೊದಲ ಬಾರಿಗೆ ನಕ್ಕರು.

ಇನ್ನೊಂದು ಸಂಗತಿಯನ್ನು ಸಮಾಜದ ಹಿರಿಯರ ಗಮನಕ್ಕೆ ತರಬೇಕು. ಆ ಮನೆಯವರು ಎರಡು ವರ್ಷಗಳಿಂದ ಕನ್ಯೆ ಹುಡುಕುತ್ತಿದ್ದಾರೆ. ಹುಡುಗ ನೌಕಾಪಡೆಯಲ್ಲಿದ್ದಾನೆಂದರೆ “ನೀರಿನ ನೌಕರಿ” ಎಂದು ಹಿಂದೆ ಸರಿಯುತ್ತಾರಂತೆ. ಅದರಲ್ಲೂ ನೀರಿನ ಕೆಳಗೆಂದು ತಿಳಿದರೆ ಚಹಾ ಕುಡಿಯುವುದಕ್ಕೂ ನಿಲ್ಲುವುದಿಲ್ಲವಂತೆ. ನಮ್ಮ ಸಮಾಜದ ಪತ್ರಿಕೆಗಳ ವಧೂವರರ ಪುಟ ತೆರೆದು ನೋಡಿರಿ, ಈ ಪತ್ರಿಕೆಯೂ ಅದಕ್ಕೆ ಹೊರತಲ್ಲ: ಇಂಜಿನಿಯರ್ ವರ, ಬ್ಯಾಂಕಿನ ವರ, ವಿದೇಶದ ವರ. ಜಾತ್ರೆಯ ವೇದಿಕೆಗಳ ಮೇಲೆ ಕಾರ್ಖಾನೆಯ ಅಧ್ಯಕ್ಷರಿಗೆ ಶಾಲು ಹೊದಿಸುತ್ತೇವೆ, ಶಾಸಕರಿಗೆ ಹೊದಿಸುತ್ತೇವೆ. ರಜೆಗೆ ಬಂದ ನಾವಿಕ ಜನರ ನಡುವೆ ಚಾಪೆಯ ಮೇಲೆ ಕುಳಿತು ಪ್ರಸಾದ ಮಾಡಿ ಹೋಗುತ್ತಾನೆ. ತ್ರಿವರ್ಣ ಧ್ವಜದ ಪೆಟ್ಟಿಗೆ ಊರಿಗೆ ಬಂದ ದಿನ ಮಾತ್ರ ಅವನು ನಮ್ಮವನಾಗುತ್ತಾನೆ. ಆ ದಿನ ಊರಿಗೆ ಊರೇ ಸೇರುತ್ತದೆ. ಡಿಸೆಂಬರ್ 8ರಂದು ಯಾವ ಮಠದಲ್ಲಾದರೂ ಒಬ್ಬ ಜೀವಂತ ನಾವಿಕನನ್ನು, ಅವನ ತಾಯಿಯನ್ನು, ಹೆಂಡತಿಯನ್ನು ಕರೆದು ವೇದಿಕೆಯ ಮೇಲೆ ಕೂರಿಸಿದ್ದುಂಟೆ? ನಮ್ಮ ಮಠದಲ್ಲೂ ಕೂರಿಸಿಲ್ಲ. ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಸಮುದ್ರ ದೂರವೆಂಬ ನೆಪವೂ ಈಗ ಉಳಿದಿಲ್ಲ. ನಮ್ಮದೇ ನಾಡಿನ ಕಾರವಾರದಲ್ಲಿ 2005ರಲ್ಲಿ ‘ಕದಂಬ’ ನೌಕಾನೆಲೆ ಆರಂಭವಾಯಿತು. ಅದೇ ಬಂದರಿನಿಂದ 2022ರ ಮೇ 27ರಂದು ರಕ್ಷಣಾ ಸಚಿವ ರಾಜನಾಥ ಸಿಂಗ್ ಅವರು ‘ಖಂಡೇರಿ’ ಜಲಾಂತರ್ಗಾಮಿಯಲ್ಲಿಯೂ, 2025ರ ಡಿಸೆಂಬರಿನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ‘ವಾಘಶೀರ್’ ಜಲಾಂತರ್ಗಾಮಿಯಲ್ಲಿಯೂ ಸಂಚರಿಸಿ ಬಂದರು. ಈ ಎರಡೂ ನೌಕೆಗಳು ಮುಂಬಯಿಯ ಮಜಗಾಂವ್ ಗೋದಿಯಲ್ಲಿ ಕಟ್ಟಿದಂಥವು. ಬೇಸಿಗೆ ರಜೆಯಲ್ಲಿ ಗೋಕರ್ಣಕ್ಕೆ ಹೋಗುವವರು ಇನ್ನಷ್ಟು ಮುಂದೆ ಹೋಗಿ ಕಾರವಾರದ ಕಡಲತೀರದಲ್ಲಿ ನಿಲ್ಲಿಸಿರುವ ‘ಚಪಲ’ ಯುದ್ಧನೌಕೆಯನ್ನಾದರೂ ಮಕ್ಕಳಿಗೆ ತೋರಿಸಬಹುದು.

ಆ ಹುಡುಗ ಮೊನ್ನೆ ರಜೆಗೆ ಬಂದಾಗ ತಾಯಿಯೊಂದಿಗೆ ಮಠಕ್ಕೂ ಬಂದಿದ್ದ. ಹೆಚ್ಚು ಮಾತಿನವನಲ್ಲ. ನೌಕೆಯ ಕುರಿತು ನಾವು ಕೇಳಿದ ಕೆಲವು ಪ್ರಶ್ನೆಗಳಿಗೆ ನಕ್ಕು ಸುಮ್ಮನಾದ. ಹೇಳಬಾರದ್ದನ್ನು ಕೇಳಿದೆವೆಂದು ಆಮೇಲೆ ಅರ್ಥವಾಯಿತು. ಹೊರಡುವ ಮುನ್ನ ಕೊರಳಿನ ಬೆಳ್ಳಿಯ ಕರಡಿಗೆಯನ್ನು ತೋರಿಸಿ, ಬ್ಯಾಟರಿಗಳ ಹತ್ತಿರ ಲೋಹದ ವಸ್ತು ಮೈಮೇಲಿರಬಾರದಂತೆ, ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಳ್ಳಬಹುದೇ ಎಂದು ಕೇಳಿದ. ಕರಡಿಗೆ ಬರುವ ಮೊದಲೂ ಲಿಂಗವಿತ್ತು, ಪಾವುಡದಲ್ಲಿ ಕಟ್ಟಿಕೊಳ್ಳುವುದು ಹಿರಿಯರ ರೂಢಿಯೇ ಎಂದೆವು. ತಾಯಿ ಆ ಕೂಡಲೇ ಮಠದ ಪಡಸಾಲೆಯಲ್ಲಿ ಕುಳಿತು, ನಮ್ಮ ಹಳೆಯ ಕಾವಿ ವಸ್ತ್ರದ ಅಂಚನ್ನು ಹರಿದು, ಪಾವುಡ ಹೊಲಿಯತೊಡಗಿದರು. ಒಂದಲ್ಲ, ಮೂರು ಹೊಲಿದರು. ಅಲ್ಲಿ ಒಗೆಯಲು ನೀರಿಲ್ಲವಲ್ಲ ಎಂದರು.